ವಾಡಿಯ ಖಾನಾವಳಿಯಲ್ಲಿ ಎದ್ದ ಬಾವು

ಆಕೆ ಮೊದಲ ಸಲ ಸೇಡಂನ ನನ್ನ ದವಾಖಾನೆಗೆ ಬಂದಾಗ ಮುಖದ ಮೇಲೆ ಬಾವೇ ಇರಲಿಲ್ಲ.

ನಲವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಹೆಣ್ಣುಮಗಳು. ವಾಡಿ ಸ್ಟೇಷನ್ನಿನ ಹತ್ತಿರ ಖಾನಾವಳಿ ನಡೆಸುತ್ತೇನೆ ಎಂದಳು. ಬೆಳಗಿನ ಪ್ಯಾಸೆಂಜರ್ ಹಿಡಿದು, ಚಿತ್ತಾಪುರ ದಾಟಿ ಅತ್ತೆಯನ್ನು ಕರೆದುಕೊಂಡು ಬಂದಿದ್ದಳು. ಸೇಡಂನಲ್ಲಿ ಹೆಣ್ಣು ಡಾಕ್ಟರು ಹಲ್ಲು ನೋಡುತ್ತಾರೆಂದು ಯಾರೋ ಗಿರಾಕಿ ಹೇಳಿದ್ದನಂತೆ. ನಾನು ಓದು ಮುಗಿಸಿ, ಊರಿಗೆ ವಾಪಸು ಬಂದು, ಬಸ್ ಸ್ಟ್ಯಾಂಡಿನ ಹಿಂದೆ ಒಂದು ಕೋಣೆ ಬಾಡಿಗೆಗೆ ಹಿಡಿದು ಬೋರ್ಡು ಹಾಕಿ ಆಗಿನ್ನೂ ಎರಡು ವರ್ಷವಾಗಿರಲಿಲ್ಲ. ಚಿಂಚೋಳಿ ಕಡೆಯ ಹಳ್ಳಿಗಳಿಂದ ಬಸ್ಸಿನಲ್ಲಿ ಬರುವವರೇ ಹೆಚ್ಚು. ರೈಲಿನಲ್ಲಿ ವಾಡಿಯಿಂದ ನನ್ನನ್ನು ಹುಡುಕಿಕೊಂಡು ಬಂದವರಲ್ಲಿ ಆಕೆಯೇ ಮೊದಲಿಗಳು. ಆ ಖುಷಿಯಲ್ಲೇ ಕುರ್ಚಿ ಒರೆಸಿ ಕೂರಿಸಿದೆ. ದವಡೆಗೆ ಬಾವು ಬರುತ್ತದೆ ಎಂದಳು.

"ಎಲ್ಲದ ಅಕ್ಕಾ ಬಾವು?"

"ಈಗ ಇಲ್ರೀ ಮೇಡಂ. ಮನ್ಯಾಗ ಇದ್ದಾಗ ಬರ್ತದ. ಇಲ್ಲಿ ಬರೂದ್ರಾಗ ಇಳದು ಹೋಗ್ಯಾದ."

ಬಾಗಿಲ ಬಳಿ ನಿಂತಿದ್ದ ಅತ್ತೆ ನನ್ನ ಮುಖದಲ್ಲಿ ಅನುಮಾನ ಕಂಡಿರಬೇಕು. "ಸುಳ್ಳಲ್ಲ ನೋಡವ್ವಾ. ನಾ ಕಣ್ಣಿಲೆ ನೋಡೀನಿ. ಇಲ್ಲಿ, ದವಡಿ ಕೆಳಗ, ಲಿಂಬಿಕಾಯಿಯಷ್ಟು ಎದ್ದು ನಿಂದರ್ತದ," ಎಂದು ಸೊಸೆಯ ಎಡಗಡೆಯ ದವಡೆಯನ್ನು ಬೆರಳಿನಿಂದ ಒತ್ತಿ ತೋರಿಸಿದಳು.

ಕಥೆ ಕೇಳುತ್ತ ಹೋದೆ. ಬಾವು ಶುರುವಾಗಿ ಆರು ತಿಂಗಳಾಗಿತ್ತು. ಒಮ್ಮೆ ಬರುತ್ತದೆ, ಒಮ್ಮೆ ಹೋಗುತ್ತದೆ. ಬಂದಾಗ ಸೆಳೆತ, ಕಿವಿಯವರೆಗೂ ನೋವು. ಬೇರೆ ಊರಿನಲ್ಲಿ ಒಬ್ಬರು ನೋಡಿ ಹಲ್ಲಿನಿಂದಲೇ ಬಂದದ್ದೆಂದು ಒಂದು ದವಡೆಹಲ್ಲು ಕಿತ್ತಿದ್ದರು. ಬಾವು ಹೋಗಲಿಲ್ಲ. ಎರಡು ತಿಂಗಳ ಮೇಲೆ ಪಕ್ಕದ್ದನ್ನೂ ಕಿತ್ತರು. ಬಾವು ಹಾಗೇ ಉಳಿಯಿತು. ನಡುವೆ ಎಷ್ಟು ಸಲ ಗುಳಿಗೆ ನುಂಗಿದ್ದಳೋ ಲೆಕ್ಕವಿಲ್ಲ.

"ಯಾವಾಗ ಬರ್ತದ ಅಂತ ಏನರ ಗೊತ್ತದ?" ಎಂದೆ.

"ಒಲಿ ಮುಂದ ಕುಂತಾಗ ಬರ್ತದ್ರಿ. ಝಳಕ್ಕ ಬರ್ತದೋ ಏನೋ. ಅದಕ್ಕೇ ಈಗ ನಾ ಒಲಿ ಮುಂದ ಕುಂದ್ರೂದೇ ಬಿಟ್ಟೀನಿ. ನಮ್ಮತ್ತಿನೇ ಅಡಗಿ ಮಾಡ್ತಾಳ."

"ಒಲಿ ಬಿಟ್ಟ ಮ್ಯಾಲೆ ಕಡಿಮಿ ಆತೇನು?"

"ಜರಾ ಕಡಿಮಿ ಆಗ್ಯಾದ್ರಿ. ಆದ್ರ ಬರೂದು ಬಿಟ್ಟಿಲ್ಲ."

ಬಾಯಿ ತೆರೆಸಿದೆ. ಎಡಗಡೆ ಕೆಳಗೆ ಎರಡು ಹಲ್ಲುಗಳ ಜಾಗ ಖಾಲಿ. ಅದರ ಮುಂದಿನ ಹಲ್ಲಿನಲ್ಲಿ ಒಂದು ಕಪ್ಪು ಕುಳಿ. ನಾನು ಸುಳ್ಳು ಹೇಳುವುದಿಲ್ಲ, ಆ ಕುಳಿ ಕಂಡ ಕೂಡಲೇ ನನಗೂ 'ಸಿಕ್ಕಿತು' ಅನ್ನಿಸಿತು. ಆಕೆಯೂ ತಯಾರಾಗಿಯೇ ಬಂದಿದ್ದಳು. "ಅದನ್ನೂ ಕಿತ್ತೇ ಬಿಡ್ರಿ ಮೇಡಂ, ಒಮ್ಮೆ ಪೀಡಾ ಹೋಗಲಿ," ಎಂದಳು.

ಕನ್ನಡಿಯ ಹಿಡಿಕೆಯಿಂದ ಹಲ್ಲನ್ನು ಮೆಲ್ಲಗೆ ಬಡಿದೆ. ನೋವಿಲ್ಲ. ಬೇರಿನ ಹತ್ತಿರ ವಸಡು ಒತ್ತಿದೆ. ನೋವಿಲ್ಲ. ಫ್ರಿಜ್ಜಿನಿಂದ ಮಂಜುಗಡ್ಡೆಯ ಚೂರೊಂದನ್ನು ತಂದು ಹಲ್ಲಿಗೆ ತಾಗಿಸಿದ್ದೇ ತಡ, "ಅಯ್ಯಯ್ಯವ್ವಾ!" ಎಂದು ಕುರ್ಚಿಯಿಂದ ಅರ್ಧ ಎದ್ದಳು. ಹಲ್ಲಿಗೆ ಜೀವವಿತ್ತು. ಮುಖ ಊದುವಷ್ಟು ಕೀವು ಮಾಡುವ ಹಲ್ಲು ಒಳಗೆ ಸತ್ತಿರುತ್ತದೆ, ಅದಕ್ಕೆ ತಂಪು ತಾಗುವುದಿಲ್ಲ. ಎಕ್ಸ್‌ರೇ ತೆಗೆದೆ. ಬೇರಿನ ತುದಿಯಲ್ಲಿ ಎಲುಬು ಕರಗಿದ ಗುರುತೇ ಇಲ್ಲ. ಈ ಹಲ್ಲು ಏನೂ ಮಾಡಿಲ್ಲ ಅನ್ನುವುದು ಖಾತ್ರಿಯಾಯಿತು. ಬಹುಶಃ ಹೋದ ಎರಡೂ ಏನೂ ಮಾಡಿರಲಿಲ್ಲ.

"ಈ ಹಲ್ಲು ಕೀಳಂಗಿಲ್ಲ ಅಕ್ಕಾ. ಕುಳಿ ತುಂಬಿ ಕೊಡ್ತೀನಿ. ಬಾವು ಇದರಿಂದ ಬಂದದ್ದಲ್ಲ."

"ಮತ್ತ ಎದರಿಂದರಿ?"

ದವಡೆಯ ಎಲುಬನ್ನು ಒಳಗೂ ಹೊರಗೂ ಸವರಿ ನೋಡಿದೆ. ಎಲ್ಲೂ ಉಬ್ಬಿಲ್ಲ. ದವಡೆಯ ಕೆಳಗೆ ಎಡಕ್ಕೆ ಏನೋ ಒಂದಿಷ್ಟು ಗಡುಸಾಗಿದೆ ಅನ್ನಿಸಿತು, ಬಲಕ್ಕೆ ಅಷ್ಟಿಲ್ಲ. ಪದೇ ಪದೇ ಸೋಂಕಾಗಿ ಉಳಿದ ಗಂಟು ಇರಬಹುದು ಅಂದುಕೊಂಡೆ. ಬಾವು ಕಣ್ಣ ಮುಂದೆ ಇಲ್ಲದೆ ಬಾವಿನ ಮೂಲ ಹುಡುಕುವುದು ಹೇಗೆ? "ಮತ್ತ ಬಾವು ಬಂತಂದ್ರ ಫೋನಿನ್ಯಾಗ ಫೋಟೋ ಹೊಡದು ಕಳಸ್ರಿ," ಎಂದು ನಂಬರು ಕೊಟ್ಟೆ.

ಸೊಸೆ ಚಪ್ಪಲಿ ಮೆಟ್ಟುತ್ತಿರುವಾಗ ಅತ್ತೆ ಒಳಗೆ ಬಂದು ನನ್ನ ಕೈ ಹಿಡಿದುಕೊಂಡಳು. ಮುದುಕಿಯ ಕೆನ್ನೆಯೊಳಗೆ ತಂಬಾಕಿನ ಉಂಡೆ. "ಯವ್ವಾ, ಅದೇನರ ದೊಡ್ಡ ರೋಗ ಅದನೇನು? ನಮ್ಮಣ್ಣಗ ಹಿಂಗೇ ದವಡಿ ಬಾತಿತ್ತು. ವರ್ಷ ತುಂಬಲಿಲ್ಲ. ನನ್ನ ಮುಂದ ಹೇಳಿಬಿಡು. ಆಕಿ ಮುಂದ ಹೇಳಬ್ಯಾಡ."

"ಹಂಗ ಕಾಣೂದಿಲ್ಲ ಆಯಿ," ಎಂದೆ. ಕಾಣುವುದಿಲ್ಲ ಅಂದೆನೇ ಹೊರತು ಅಲ್ಲ ಅನ್ನಲು ಧೈರ್ಯವಿರಲಿಲ್ಲ. ಮುದುಕಿ ಅದನ್ನು ಗಮನಿಸಿದಳು.

ಮುಂದಿನ ಹದಿನೈದು ದಿನಗಳಲ್ಲಿ ಮೂರು ಫೋಟೋ ಬಂದವು. ಮುದುಕಿ ಹೇಳಿದ್ದು ನಿಜವೇ. ಎಡ ದವಡೆಯ ಕೆಳಗೆ ದುಂಡಗೆ, ನುಣ್ಣಗೆ ಉಬ್ಬಿತ್ತು. ಮೊದಲ ಫೋಟೋ ಬಂದ ದಿನ ಕೂಡಲೇ ಬರಲು ಹೇಳಿದೆ. ರೈಲು ಹಿಡಿದು ಬರುವಷ್ಟರಲ್ಲಿ ಮತ್ತೆ ಏನೂ ಇರಲಿಲ್ಲ! ಆಕೆ ನಾಚಿಕೊಂಡು ಸೆರಗಿನಿಂದ ಗದ್ದ ಮುಚ್ಚಿಕೊಂಡಳು. ನನಗೋ ಹಠ ಹುಟ್ಟಿಬಿಟ್ಟಿತು. ಪುಸ್ತಕ ತೆಗೆದು ಗಂಟು, ಗಡ್ಡೆ, ಚೀಲ ಎಂದು ಪುಟ ಪುಟ ತಿರುವಿದೆ. ಫೋಟೋಗಳನ್ನು ಹಿಗ್ಗಿಸಿ ಹಿಗ್ಗಿಸಿ ನೋಡಿದೆ. ಎಷ್ಟು ನೋಡಿದರೂ ನೋಡಿದ್ದು ದವಡೆಯನ್ನೇ.

ಹೀಗಿರುವಾಗ ಶಹಾಬಾದಿನ ಶಾಲೆಯೊಂದರಲ್ಲಿ ಮಕ್ಕಳ ಹಲ್ಲು ತಪಾಸಣೆಗೆ ಕರೆದರು. ಸೇಡಂನಿಂದ ಹೊರಟು ವಾಡಿಯಲ್ಲಿಳಿದು ಬೇರೆ ಗಾಡಿ ಹಿಡಿಯಬೇಕು. ತಪಾಸಣೆ ಮುಗಿಸಿ ವಾಪಸು ವಾಡಿಗೆ ಬಂದಾಗ ಮಧ್ಯಾಹ್ನ ಒಂದೂವರೆ. ಸೇಡಂ ಕಡೆಯ ಗಾಡಿ ಎರಡು ತಾಸು ತಡ ಎಂದು ಮೈಕಿನಲ್ಲಿ ಕೂಗಿದರು. ಬೆಳಗಿನಿಂದ ಚಹಾ ಬಿಟ್ಟರೆ ಏನೂ ತಿಂದಿರಲಿಲ್ಲ. ಆಗ ನೆನಪಾಯಿತು, ನನ್ನ ಪೇಷಂಟಿನ ಖಾನಾವಳಿ ಇಲ್ಲೇ ಇದೆಯಲ್ಲ!

ಹುಡುಕುವುದು ಕಷ್ಟವಾಗಲಿಲ್ಲ. ಸ್ಟೇಷನ್ನಿನಿಂದ ಹೊರಬಿದ್ದು ನಾಲ್ಕು ಹೆಜ್ಜೆ. ತಗಡಿನ ಮಾಡು, ನೆಲಕ್ಕೆ ಶಹಾಬಾದಿ ಪರಸಿಕಲ್ಲು, ನಾಲ್ಕು ಟೇಬಲ್ಲು. ಗೋಡೆಯ ಮೇಲೆ ಬಸವಣ್ಣನವರ ಫೋಟೋ, ಅದಕ್ಕೆ ಅಂದಿನದೇ ಹೂವು. ಸಿಮೆಂಟ್ ಲಾರಿಯ ಡ್ರೈವರುಗಳು, ರೈಲ್ವೆಯವರು ತುಂಬಿಕೊಂಡು ಕೂತಿದ್ದರು. ಒಳಗೆ ಒಲೆಯ ಮುಂದೆ ಅತ್ತೆ ರೊಟ್ಟಿ ಬಡಿಯುತ್ತಿದ್ದಳು. ಸೊಸೆ ಬಡಿಸುತ್ತಿದ್ದಳು. ನನ್ನನ್ನು ಕಂಡು ಆಕೆಯ ಕೈಯ ಬುಟ್ಟಿ ಬೀಳುವುದೊಂದು ಬಾಕಿ.

"ಅಯ್ಯ ಮೇಡಂ, ನೀವೇನ್ರಿ ಇಲ್ಲಿ! ಬರ್ರಿ ಬರ್ರಿ, ಕುಂದ್ರಿ."

ಬಿಸಿ ಜೋಳದ ರೊಟ್ಟಿ, ಪುಂಡಿಪಲ್ಯ, ಶೇಂಗಾ ಹಿಂಡಿ, ಉಳ್ಳಾಗಡ್ಡಿ ಬಂದವು. ಒಂದು ತುತ್ತು ಬಾಯಿಗಿಟ್ಟಿದ್ದೆ. ಪಕ್ಕದ ಟೇಬಲ್ಲಿನ ಡ್ರೈವರು, ದಿನದ ಗಿರಾಕಿ ಇರಬೇಕು, ಜೋರಾಗಿ ಕೂಗಿದ. "ಏನ್ ಅಕ್ಕೋರ, ಪಲ್ಯಾದಾಗ ಉಪ್ಪು ಹಾಕೂದು ಮರ್ತೀರೇನು? ಬರೇ ಹುಳಿ ಹುಳಿ ಅದ!"

"ಇಲ್ಲಪಾ, ಹಾಕೀನಿ," ಎಂದು ಒಳಗಿನಿಂದ ಅತ್ತೆ.

"ಆಯಿ, ನಿನ್ನ ನಾಲಿಗಿ ಹೋಗ್ಯಾದ!" ಎಂದು ಡ್ರೈವರು ನಕ್ಕ. ಉಳಿದವರೂ ನಕ್ಕರು.

ಸೊಸೆಗೆ ಅವಮಾನವಾಯಿತು. ಆಕೆಯ ಪುಂಡಿಪಲ್ಯ ತಿನ್ನಲೆಂದೇ ಲಾರಿ ನಿಲ್ಲಿಸುವ ಜನವಿತ್ತಂತೆ. ಪಾತ್ರೆಯಿಂದ ಒಂದು ಚಿಟಿಕೆ ಪಲ್ಯ ತೆಗೆದು ಅಂಗೈಗೆ ಹಾಕಿಕೊಂಡು ನೆಕ್ಕಿದಳು. ರುಚಿ ನೋಡುತ್ತ ನನ್ನ ಟೇಬಲ್ಲಿನ ಎದುರಿಗೇ ನಿಂತಳು. "ಖರೇನೇ ಉಪ್ಪು ಕಡಿಮಿ ಆಗ್ಯಾದ," ಎಂದು ಇನ್ನೊಂದು ಚಿಟಿಕೆ ಬಾಯಿಗೆ ಹಾಕಿಕೊಂಡಳು.

ಮರುಕ್ಷಣ ಮುಖ ಕಿವುಚಿದಳು. ಕೈ ಎಡ ದವಡೆಗೆ ಹೋಯಿತು. ಬೆರಳುಗಳ ಸಂದಿಯಲ್ಲಿ, ನನ್ನ ಕಣ್ಣೆದುರಿಗೆ, ಚರ್ಮ ಮೆಲ್ಲಗೆ ಮೇಲೇಳತೊಡಗಿತು. ಯಾರೋ ಒಳಗಿನಿಂದ ಊದುತ್ತಿರುವ ಹಾಗೆ!

ರೊಟ್ಟಿಯ ತುಂಡು ಕೈಯಲ್ಲೇ ಉಳಿಯಿತು. ಒಲೆಯಿಂದ ಆಕೆ ಹತ್ತು ಹೆಜ್ಜೆ ದೂರವಿದ್ದಳು. ಝಳವಲ್ಲ. ಹುಳಿ! ಒಲೆಯ ಮುಂದೆ ಕೂತಾಗ ಬಾವು ಬರುತ್ತಿತ್ತು, ಯಾಕೆಂದರೆ ಅಡುಗೆ ಮಾಡುವವಳು ಒಲೆಯ ಮುಂದೆ ಕೂತು ರುಚಿ ನೋಡುತ್ತಾಳೆ. ಫೋನು ತೆಗೆದೆ. ಎಡಗೈಯಿಂದ ಆ ಮೂರು ಫೋಟೋ ಸರಿಸಿದೆ. ಒಂದರಲ್ಲಿ ಮೂಲೆಗೆ ರೊಟ್ಟಿಬುಟ್ಟಿ. ಇನ್ನೊಂದರಲ್ಲಿ ಎಂಜಲು ತಾಟು. ಮೂರನೆಯದರಲ್ಲಿ ಆಕೆಯ ಕೈಬೆರಳಿಗೆ ಇನ್ನೂ ಅನ್ನ ಅಂಟಿತ್ತು. ಮೂರೂ ಊಟದ ಹೊತ್ತಿನವು. ಹದಿನೈದು ದಿನದಿಂದ ಉತ್ತರ ನನ್ನ ಫೋನಿನಲ್ಲೇ ಇತ್ತು!

"ಅಕ್ಕಾ, ಇನ್ನೊಂದಿಷ್ಟು ತಿನ್ರಿ!" ಎಂದು ಕೂಗಿಬಿಟ್ಟೆ.

"ಯಾಕ್ರೀ ಮೇಡಂ?"

"ತಿನ್ರಿ, ತಿನ್ರಿ, ಲಿಂಬಿಕಾಯಿ ಅದನೇನು? ಒಂದು ಹೋಳು ಚೀಪ್ರಿ!"

ಖಾನಾವಳಿಯವರೆಲ್ಲ ಊಟ ಬಿಟ್ಟು ನಮ್ಮನ್ನೇ ನೋಡತೊಡಗಿದರು. ಅತ್ತೆ ಹಿಟ್ಟಿನ ಕೈಯಲ್ಲೇ ಹೊರಗೆ ಓಡಿ ಬಂದಳು. ಸೊಸೆ ಹೆದರುತ್ತ ಲಿಂಬೆಯ ಹೋಳು ಚೀಪಿದಳು. ಎರಡು ನಿಮಿಷದಲ್ಲಿ ಬಾವು ಮುದುಕಿ ಅಂದ ಹಾಗೆಯೇ ಎದ್ದು ನಿಂತಿತು. ನಾನು ಓಡಿ ಹೋಗಿ ಸೋಪು ಹಾಕಿ ಕೈ ತೊಳೆದೆ. ಬ್ಯಾಗಿನಿಂದ ಗ್ಲೌಸು, ಟಾರ್ಚು ತೆಗೆದೆ. ಆಕೆಯನ್ನು ಬಾಗಿಲ ಬೆಳಕಿಗೆ ಕರೆದು ಕುರ್ಚಿಯ ಮೇಲೆ ಕೂರಿಸಿ ನಾಲಿಗೆ ಎತ್ತಿಸಿದೆ.

ನಾಲಿಗೆಯ ಕೆಳಗೆ, ನಡುವಿನ ಎಳೆಯ ಎಡಬಲಕ್ಕೆ, ಜೊಲ್ಲು ಹೊರಬರುವ ಎರಡು ಸಣ್ಣ ಬಾಯಿಗಳಿರುತ್ತವೆ. ದವಡೆಯ ಕೆಳಗಿನ ಗ್ರಂಥಿಯಿಂದ ಬರುವ ಕೊಳವೆಗಳು ಅಲ್ಲಿ ತೆರೆದುಕೊಳ್ಳುತ್ತವೆ. ಬಲಗಡೆ ಗ್ರಂಥಿ ಒತ್ತಿದೆ. ನೀರಿನಂಥ ಹನಿಯೊಂದು ಟಾರ್ಚಿನ ಬೆಳಕಿಗೆ ಫಳಕ್ಕನೆ ಮಿಂಚಿತು. ಎಡಗಡೆ ಒತ್ತಿದೆ. ಏನೂ ಇಲ್ಲ. ಮತ್ತೆ ಒತ್ತಿದೆ. ಒಣಗಿದ ನಲ್ಲಿಯ ಹಾಗೆ ಸುಮ್ಮನಿತ್ತು. ಒಂದು ಬೆರಳು ನಾಲಿಗೆಯ ಕೆಳಗೆ, ಇನ್ನೊಂದು ಕೈ ದವಡೆಯ ಕೆಳಗೆ ಇಟ್ಟು ಹಿಂದಿನಿಂದ ಮುಂದಕ್ಕೆ ಸವರುತ್ತ ಬಂದೆ. ಕೊಳವೆಯ ಬಾಯಿಗೆ ಇನ್ನೇನು ಬೆರಳಗಲ ಇರುವಾಗ ತುದಿಬೆರಳಿಗೆ ಏನೋ ತಾಗಿತು. ಗಟ್ಟಿ. ಪುಟ್ಟದು.

"ಹರಳು!" ಎಂದೆ.

"ಏನ್ರಿ?"

"ಮೂತ್ರಪಿಂಡದಾಗ ಹರಳು ಆಗ್ತದಲ್ಲ ಅಕ್ಕಾ, ಹಂಗ ಜೊಲ್ಲಿನ ನಳಿಗ್ಯಾಗೂ ಆಗ್ತದ. ಹುಳಿ ತಿಂದ್ರ ಜೊಲ್ಲು ಚಿಮ್ಮತದ. ಹೊರಗ ಬರ್ಲಿಕ್ಕೆ ಹಾದಿ ಇಲ್ಲ. ಒಳಗೇ ತುಂಬ್ಕೋತದ, ಬಾವು ಬರ್ತದ. ತಾಸಿನ ಮ್ಯಾಲೆ ಸಂದಿ ಹಿಡದು ಹನಿ ಹನಿ ಸೋರಿ ಇಳೀತದ. ಹಲ್ಲಿಗೂ ಇದಕ್ಕೂ ಸಂಬಂಧನೇ ಇಲ್ಲ!"

ಅತ್ತೆ ನನ್ನ ತೋಳು ಹಿಡಿದಳು. "ಅಂದ್ರ ದೊಡ್ಡ ರೋಗ ಅಲ್ಲೇನವ್ವಾ?"

"ಅಲ್ಲ ಆಯಿ." ಈ ಸಲ ಧ್ವನಿ ಗಟ್ಟಿಯಾಗಿಯೇ ಬಂತು. "ಎಕ್ಸ್‌ರೇ ತಗದು ನೋಡಬೇಕು. ಆದ್ರ ನನಗ ಖಾತ್ರಿ ಅದ."

ಮುದುಕಿ ಅಲ್ಲೇ ಪರಸಿಯ ಮೇಲೆ ಕೂತು ಸೆರಗಿನಿಂದ ಕಣ್ಣೊರೆಸಿಕೊಂಡಳು. ಮುಖದ ತುಂಬ ಜೋಳದ ಹಿಟ್ಟಾಯಿತು. ಉಪ್ಪಿನ ತಕರಾರು ತೆಗೆದ ಡ್ರೈವರು ತನ್ನ ತಾಟಿನ ಪಲ್ಯವನ್ನೇ ನೋಡುತ್ತ, "ಹುಳಿ ಆಗಿದ್ದು ಚಲೋ ಆತು ನೋಡ್ರಿ," ಎಂದ. ನನ್ನ ರೊಟ್ಟಿ ಆರಿ ಹೋಗಿತ್ತು. ಸೊಸೆ ಅದನ್ನು ತೆಗೆದು ಬಿಸಿಯದು ಹಾಕಿದಳು. ಏನು ತಿಂದೆನೋ ನನಗೆ ಗೊತ್ತಿಲ್ಲ. ಗಾಡಿ ಹತ್ತಿ ಚಿತ್ತಾಪುರ ಬರುವವರೆಗೂ ಕಿಟಕಿಯ ಬಳಿ ಒಬ್ಬಳೇ ನಗುತ್ತ ಕೂತಿದ್ದೆ.

ಮರುದಿನ ಅತ್ತೆ ಸೊಸೆ ಇಬ್ಬರೂ ಸೇಡಂಗೆ ಬಂದರು. ಎಂದಿನ ಹಾಗೆ ಹಲ್ಲಿನ ಪಕ್ಕಕ್ಕಲ್ಲದೆ ಬಾಯಿಯ ನಡುವೆ ಅಡ್ಡಲಾಗಿ ಫಿಲ್ಮು ಕಚ್ಚಿಸಿ, ಗದ್ದದ ಕೆಳಗಿನಿಂದ ಎಕ್ಸ್‌ರೇ ಬಿಟ್ಟೆ. ಫಿಲ್ಮು ತೊಳೆಯತೊಡಗಿದೆ. ಕಪ್ಪು ಬಿಳುಪು ಮೂಡುತ್ತ ಮೂಡುತ್ತ ದವಡೆಯ ಕಮಾನು ಕಂಡಿತು, ಹಲ್ಲಿನ ಸಾಲು ಕಂಡಿತು, ಕಮಾನಿನ ಒಳಗೆ ಎಡಕ್ಕೆ ಬೆಳ್ಳಗೆ ಒಂದು ಕಾಳು! ಎರಡು ಸಲ ತೊಳೆದು ಮತ್ತೆ ನೋಡಿದೆ. ಇತ್ತು. ಹೊರಗೆ ತಂದು ಕಿಟಕಿಯ ಬೆಳಕಿಗೆ ಹಿಡಿದೆ. ಮೂವರೂ ತಲೆಗೆ ತಲೆ ಕೂಡಿಸಿ ನೋಡಿದೆವು.

"ಇಷ್ಟೇನ್ರಿ?" ಎಂದಳು ಸೊಸೆ. ಆರು ತಿಂಗಳ ನೋವಿಗೆ, ಎರಡು ಹಲ್ಲಿಗೆ ಅದು ತೀರ ಸಣ್ಣದಾಯಿತು ಅನ್ನುವ ಹಾಗಿತ್ತು ಆಕೆಯ ದನಿ.

ಕಲಬುರಗಿಯಲ್ಲಿರುವ ನನ್ನ ಗುರುಗಳಿಗೆ ಫೋನು ಹಚ್ಚಿದೆ. ಕಾಲೇಜಿನಲ್ಲಿ ಶಸ್ತ್ರಚಿಕಿತ್ಸೆ ಕಲಿಸಿದವರು. ಒಂದೇ ಉಸಿರಿನಲ್ಲಿ ಖಾನಾವಳಿಯಿಂದ ಫಿಲ್ಮಿನವರೆಗೆ ಒದರಿದೆ. ಅವರು ತಡೆಯದೆ ಕೇಳಿದರು.

"ಹರಳು ಮುಂದ ಅದೋ ಹಿಂದ ಅದೋ?"

"ಮುಂದ ಅದ ಸರ್. ಬೆರಳಿಗೆ ತಾಗ್ತದ."

"ಹಂಗಂದ್ರ ಬಾಯಿ ಒಳಗಿಂದನೇ ತಗೀಬಹುದು. ನಾಳೆ ಕರ್ಕೊಂಡು ಬಾ."

"ಆಯ್ತು ಸರ್. ನೀವು ಯಾವಾಗ ಮಾಡ್ತೀರಿ?"

"ನಾ ಯಾಕ ಮಾಡ್ಲಿ? ಹುಡುಕಿದಾಕಿ ನೀನು. ನೀನೇ ತಗಿ. ನಾ ಬಾಜೂಕ ನಿಂದರ್ತೀನಿ."

ಫೋನಿಟ್ಟ ಮೇಲೆ ಎರಡು ಲೋಟ ನೀರು ಕುಡಿದೆ.

ಮರುದಿನ ನಾನು ಸೇಡಂನಿಂದ ಹೊರಟು ವಾಡಿಯಲ್ಲಿ ಅವರಿಬ್ಬರನ್ನು ಕೂಡಿಕೊಂಡೆ. ಖಾನಾವಳಿಗೆ ಅಂದು ಬೀಗ. ಶಹಾಬಾದ್ ಹತ್ತಿರವಾದಂತೆ ಹಳಿಯ ಎರಡೂ ಬದಿಗೆ ಪರಸಿಕಲ್ಲಿನ ರಾಶಿಗಳು. ಅತ್ತೆ ಅವನ್ನೇ ನೋಡುತ್ತ ಕೂತಿದ್ದಳು. ಆಮೇಲೆ ಗಂಭೀರವಾಗಿ ಕೇಳಿದಳು. "ಯವ್ವಾ, ನಮ್ಮ ಕಡಿ ನೀರಾಗೂ ಕಲ್ಲೇ ಅದ ಅಂತಾರಲ್ಲ, ಅದಕ್ಕೇ ಆಗಿರಬೇಕೇನು?" ಅದರಿಂದಲೇ ಅಂತ ಹೇಳಲಾಗದು, ನೀರು ಕಡಿಮೆ ಕುಡಿದರೆ ಜೊಲ್ಲು ಗಟ್ಟಿಯಾಗಿ ಆಗುವುದುಂಟು ಎಂದೆ. "ಇಕಿ ನೀರು ಎಲ್ಲಿ ಕುಡೀತಾಳ? ಮಂದಿಗಿ ತಂಬಿಗಿ ತುಂಬಿ ಕೊಡೂದ್ರಾಗೇ ದಿನ ಹೋಗ್ತದ," ಎಂದು ಮುದುಕಿ ತನ್ನ ಬಾಟಲಿಯ ಮುಚ್ಚಳ ತೆಗೆದು ಸೊಸೆಯ ಕೈಗಿಟ್ಟಳು. ಕಲಬುರಗಿ ಬರುವವರೆಗೂ ಗುಟುಕು ಗುಟುಕಾಗಿ ಕುಡಿಸಿದಳು.

ಗುರುಗಳು ಮಾತಿನಂತೆ ನನ್ನ ಬಲಕ್ಕೆ ನಿಂತರು. ನಾಲಿಗೆಯ ಕೆಳಗೆ ಮರಗಟ್ಟಿಸುವ ಸೂಜಿ ಕೊಟ್ಟೆ. ಮೊದಲ ಕೆಲಸ, ಹರಳಿನ ಹಿಂದೆ ಕೊಳವೆಗೆ ಒಂದು ದಾರ ಹಾಕಿ ಎತ್ತಿ ಹಿಡಿಯುವುದು. ಇಲ್ಲದಿದ್ದರೆ ಮುಟ್ಟಿದ ಕೂಡಲೇ ಹರಳು ಹಿಂದಕ್ಕೆ ಜಾರಿ ಗ್ರಂಥಿಯೊಳಗೆ ಹೊಕ್ಕುಬಿಡುತ್ತದೆ, ಆಗ ಹೊರಗಿನಿಂದ ಕುತ್ತಿಗೆಯಲ್ಲಿ ಕೊಯ್ದು ಗ್ರಂಥಿಯನ್ನೇ ತೆಗೆಯುವ ಪ್ರಸಂಗ ಬರಬಹುದು. ದಾರ ಹಾಕಿದೆ. ಬೆರಳಿನಿಂದ ತಡವಿದೆ. ಹರಳು ಇಲ್ಲ!

ಗುರುಗಳ ಕಡೆ ನೋಡಿದೆ. ಅವರು ಕೈ ಮುಂದೆ ಚಾಚಲಿಲ್ಲ. "ಅವಸರ ಮಾಡಬ್ಯಾಡ. ಕೆಳಗಿಂದ ಎತ್ತಿ ಹಿಡಿ, ಮತ್ತ ನೋಡು," ಎಂದರು. ಗದ್ದದ ಕೆಳಗೆ ಎಡಗೈ ಇಟ್ಟು ಬಾಯಿಯ ತಳವನ್ನು ಮೇಲಕ್ಕೆತ್ತಿದೆ. ಬೆರಳನ್ನು ದಾರದ ಮುಂದೆ ಕೂದಲೆಳೆಯಷ್ಟು ಸರಿಸಿದೆ. ಅಲ್ಲೇ ಇತ್ತು. ದಾರಕ್ಕೆ ತಾಗಿಕೊಂಡು, ಮೇಲಿನ ತೆಳ್ಳನೆಯ ಪದರಿನ ಕೆಳಗೆ. ಸೂಜಿಮದ್ದಿನಿಂದ ಸುತ್ತಲಿನ ಜಾಗ ಊದಿದ್ದಕ್ಕೆ ಸಿಕ್ಕಿರಲಿಲ್ಲ ಅಷ್ಟೇ.

ಹರಳಿನ ನೇರಕ್ಕೆ ಮೇಲೆ ಸಣ್ಣದಾಗಿ ಕೊಯ್ದೆ. ಬ್ಲೇಡಿನ ತುದಿ ಕಲ್ಲಿಗೆ ತಾಗಿ ಕಿರ್ ಅಂದಿತು. ಆ ಸದ್ದು ಕೇಳಿ ಮಾಸ್ಕಿನೊಳಗೆ ನಾನು ನಕ್ಕಿರಬೇಕು. ಕೆಳಗಿನಿಂದ ಮೆಲ್ಲಗೆ ಒತ್ತಿದೆ. ಹಳದಿ ಬಣ್ಣದ, ತೊಗರಿ ಕಾಳಿನಷ್ಟು ದಪ್ಪನೆಯ, ಗರಗಸದ ಹಾಗೆ ಒರಟಾದ ಹರಳೊಂದು ಹೊರಗೆ ಇಣುಕಿತು. ಇಕ್ಕಳದಲ್ಲಿ ಹಿಡಿದು ಟ್ರೇಗೆ ಹಾಕಿದೆ. ಟಣ್ ಅಂದಿತು. ಅದರ ಹಿಂದೆಯೇ ಮೊದಲು ಮೋಡದಂಥ ನೀರು, ಆಮೇಲೆ ತಿಳಿನೀರು ಬುಳುಬುಳು ಹರಿಯಿತು. ಆರು ತಿಂಗಳಿಂದ ತಡೆದು ನಿಂತ ಜೊಲ್ಲು!

"ನೋಡು, ನೋಡು, ಗ್ರಂಥಿ ಇನ್ನೂ ಜೀವಂತ ಅದ!" ಎಂದು ಗುರುಗಳು ನನ್ನ ಬೆನ್ನು ತಟ್ಟಿದರು. ಕೊಯ್ದ ಜಾಗಕ್ಕೆ ಹೊಲಿಗೆ ಹಾಕಲಿಲ್ಲ. ಜೊಲ್ಲಿಗೆ ಅದೇ ಹೊಸ ಬಾಯಿಯಾಗಲೆಂದು ಹಾಗೇ ಬಿಟ್ಟೆವು. ಹಿಡಿದಿಟ್ಟಿದ್ದ ದಾರ ಬಿಚ್ಚಿದೆ. ನಾಳೆಯಿಂದ ದಿನಕ್ಕೆ ನಾಲ್ಕು ಸಲ ಲಿಂಬೆಹಣ್ಣು ಚೀಪಬೇಕು, ನೀರು ಚೆನ್ನಾಗಿ ಕುಡಿಯಬೇಕು, ಜೊಲ್ಲು ಹರಿಯುತ್ತಲೇ ಇರಬೇಕು ಎಂದು ಹೇಳಿದಾಗ ಆಕೆ ಕಣ್ಣರಳಿಸಿದಳು. ಆರು ತಿಂಗಳು ಬಾವು ಎಬ್ಬಿಸಿದ ಹುಳಿಯೇ ಈಗ ಔಷಧಿ.

"ಅದು ನನಗ ಕೊಡ್ರಿ," ಎಂದು ತೊದಲುತ್ತ ಟ್ರೇ ತೋರಿಸಿದಳು. ಹರಳನ್ನು ತೊಳೆದು ಗುಳಿಗೆಯ ಸಣ್ಣ ಡಬ್ಬಿಯಲ್ಲಿ ಹಾಕಿಕೊಟ್ಟೆ.

ವಾಪಸು ಬರುವ ಗಾಡಿಯಲ್ಲಿ ಸೊಸೆ ಕಿಟಕಿಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಅತ್ತೆ ನನ್ನ ಪಕ್ಕಕ್ಕೆ ಸರಿದು ಕೂತಳು. ತಂಬಾಕಿನ ಉಂಡೆ ತೆಗೆದು ಹೊರಗೆ ಬಿಸಾಕಿ, ಬಾಟಲಿಯ ನೀರಿನಿಂದ ಬಾಯಿ ಮುಕ್ಕಳಿಸಿ, ಇದ್ದಕ್ಕಿದ್ದಂತೆ ನನ್ನ ಮುಂದೆ ಬಾಯಿ ತೆರೆದಳು.

"ನಂದೂ ಒಮ್ಮೆ ನೋಡಿಬಿಡು. ಯಾರ ಮುಂದೂ ತಗದಿಲ್ಲ ಈ ಬಾಯಿ."

ಅಣ್ಣನ ಸಾವು ಕಂಡವಳು ಇಷ್ಟು ವರ್ಷ ಹೆದರಿ ಬಾಯಿ ಮುಚ್ಚಿಕೊಂಡೇ ಇದ್ದಳು. ಟಾರ್ಚು ಬಿಟ್ಟೆ. ತಂಬಾಕು ಇಡುವ ಜಾಗದಲ್ಲಿ ಒಂದು ಬಿಳಿ ಕಲೆ. ಉಜ್ಜಿದರೆ ಹೋಗುವಂಥದ್ದಲ್ಲ. ಸುಳ್ಳು ಹೇಳಲಿಲ್ಲ. "ಇದು ರೋಗ ಅಂತ ಅಲ್ಲ ಆಯಿ, ಆದ್ರ ಹಂಗೇ ಬಿಟ್ರ ಆಗಬಹುದು. ಒಂದು ಚೂರು ತಗದು ತಪಾಸ್ ಮಾಡಬೇಕು. ತಂಬಾಕ ಬಿಡಬೇಕು."

"ತಪಾಸ್ ಮಾಡ್ಸೋಣು," ಎಂದಳು. ತಂಬಾಕಿನ ಮಾತಿಗೆ ಕಿಟಕಿಯ ಕಡೆ ತಿರುಗಿದಳು. ಆ ಪರೀಕ್ಷೆಯನ್ನು ಮುಂದಿನ ವಾರವೇ ಮಾಡಿಸಿದೆವು. ಕೆಟ್ಟದ್ದೇನೂ ಇರಲಿಲ್ಲ. ಮುದುಕಿ ತಂಬಾಕು ಪೂರ್ತಿ ಬಿಟ್ಟಿದ್ದಾಳೆಂದು ನಾನು ಹೇಳಲಾರೆ. ನನ್ನನ್ನು ಕಂಡಾಗ ಮಾತ್ರ ಕೆನ್ನೆ ಖಾಲಿ ಇರುತ್ತದೆ. ಮೂರು ತಿಂಗಳಿಗೊಮ್ಮೆ ತಾನಾಗಿ ಬಂದು ಬಾಯಿ ತೋರಿಸಿ ಹೋಗುತ್ತಾಳೆ.

ಸೊಸೆಗೆ ಹತ್ತೇ ದಿನದಲ್ಲಿ ಗಾಯ ಮಾಯಿತು. ಗ್ರಂಥಿ ಒತ್ತಿದರೆ ಎರಡೂ ಕಡೆ ಹನಿ ಬಂತು. ಒಲೆ ಮತ್ತೆ ಆಕೆಯ ವಶವಾಯಿತು.

ಅದಾದ ಎರಡು ತಿಂಗಳಿಗೆ ಗುರುಗಳು ತಮ್ಮ ವಿದ್ಯಾರ್ಥಿಗಳ ಮುಂದೆ ಈ ಕೇಸು ಹೇಳಲು ನನ್ನನ್ನು ಕರೆದರು. ಸಾಧ್ಯವಾದರೆ ಪೇಷಂಟನ್ನೂ ಕರೆತಾ ಎಂದರು. ಆಕೆ ಬರುತ್ತಾಳೋ ಇಲ್ಲವೋ ಎಂದು ಅಳುಕುತ್ತಲೇ ಕೇಳಿದ್ದೆ. ಇಳಕಲ್ ಸೀರೆ ಉಟ್ಟು, ಹೂ ಮುಡಿದು, ಹರಳಿನ ಡಬ್ಬಿ ಹಿಡಿದು ಬಂದೇ ಬಿಟ್ಟಳು. ನಾನು ಪರದೆಯ ಮೇಲೆ ಎಕ್ಸ್‌ರೇ ತೋರಿಸಿ, ದವಡೆಯ ಬಾವಿನಲ್ಲಿ ಮೊದಲು ಹಲ್ಲು ಸತ್ತಿದೆಯೋ ಬದುಕಿದೆಯೋ ನೋಡಬೇಕು, ಎಲುಬು ಉಬ್ಬಿದೆಯೋ ಇಲ್ಲವೋ ನೋಡಬೇಕು ಎಂದು ಹೇಳುತ್ತಿದ್ದೆ. ಹಿಂದಿನ ಬೆಂಚಿನಲ್ಲಿ ಇಬ್ಬರು ಹುಡುಗರು ಆಕಳಿಸಿದರು. ಅದು ಆಕೆಯ ಕಣ್ಣಿಗೆ ಬಿತ್ತು. ಎದ್ದು ನಿಂತೇ ಬಿಟ್ಟಳು.

"ಏ ತಮ್ಮಾ, ಆಕಳಿಸಬ್ಯಾಡ. ಕೇಳಿಲ್ಲಿ. ನನ್ನ ಎರಡು ಹಲ್ಲು ಸುಮ್ಮ ಸುಮ್ಮನ ಹೋದವು. ನೀವು ನಾಳೆ ಡಾಕ್ಟರ್ ಆಗೋರು. ಬಾವು ಅಂತ ಯಾರರ ಬಂದ್ರ ಬಾಯಾಗ ಇಕ್ಕಳ ಹಾಕೂದಕ್ಕಿಂತ ಮೊದಲು, ಏನ್ ಮಾಡೂ ಮುಂದ ಬಾವು ಬರ್ತದವ್ವಾ, ಉಂಡಾಗೋ, ಮಲಗಿದಾಗೋ ಅಂತ ಕೇಳ್ರಿ. ನಮಗ ಕೇಳಿದ್ರ ನಾವು ಹೇಳ್ತೀವಿ. ಅರ್ಧ ಮರ್ತಿರ್ತೀವಿ, ಅರ್ಧ ತಪ್ಪು ಹೇಳ್ತೀವಿ. ಮತ್ತ ಕೇಳ್ರಿ!"

ಚಪ್ಪಾಳೆ ಬಿದ್ದವು ನೋಡಿ, ಪಕ್ಕದ ಕೋಣೆಯವರು ಬಂದು ಇಣುಕಿದರು! ಹುಡುಗಿಯರು ಮುಗಿಬಿದ್ದು ಹರಳು ನೋಡಲು ಸುತ್ತುವರಿದರು. ಆಕೆ ಮುಚ್ಚಳ ತೆಗೆದು ಎಲ್ಲರಿಗೂ ತೋರಿಸಿದಳು. ಒಬ್ಬಾಕೆ ಕೈಯಲ್ಲಿ ಹಿಡಿದು ನೋಡಲೇ ಎಂದು ಕೇಳಿದ್ದಕ್ಕೆ ಮಾತ್ರ ಒಪ್ಪಲಿಲ್ಲ. "ದೂರಿಂದ ನೋಡವ್ವಾ," ಎಂದು ಡಬ್ಬಿಯನ್ನು ಎದೆಗೆ ಒತ್ತಿಕೊಂಡಳು.